ಯಾವ ಮಿರಾಮಾರ್?

ನಮ್ಮ ಊರಿನಲ್ಲಿ ಮೂರು ಮಿರಾಮಾರ್‌ಗಳಿದ್ದವು. ನಮ್ಮ ಊರು ಎಂದರೆ ಐರ್ಲೆಂಡಿನಲ್ಲಿ ನಾನು ಇರುವ ಊರು. ಕಾರ್ಕ್‌ನಿಂದ ಪೂರ್ವಕ್ಕೆ ಬಸ್ಸು ಹಿಡಿದು ಹೊರಟರೆ, ಸಮುದ್ರ ಎದುರಾಗಿ ರಸ್ತೆ ಮುಗಿದುಹೋಗುವ ಜಾಗ. ಒಂದು ಮಿರಾಮಾರ್ ಮುಖ್ಯ ಬೀದಿಯಲ್ಲಿ ಮೀನು ಮತ್ತು ಆಲೂಗಡ್ಡೆ ಕರಿದು ಕೊಡುವ ಅಂಗಡಿ. ಇನ್ನೊಂದು ಕೆಳಗೆ ಮರಳದಂಡೆಯ ಪಕ್ಕ ಸ್ಟ್ರ್ಯಾಂಡ್ ರೋಡಿನಲ್ಲಿದ್ದ ಗೆಸ್ಟ್‌ಹೌಸ್. ಮೂರನೆಯದು ಮೇಲೆ, ಬಂಡೆಯ ಅಂಚಿನ ರಸ್ತೆಯಲ್ಲಿದ್ದ ಹಳೆಯ ಮನೆ. ಅದರ ಮಹಡಿಯ ಕೋಣೆಯೊಂದರಲ್ಲಿ ನನ್ನ ತಂಗಿ ಬಾಡಿಗೆಗೆ ಇದ್ದಳು.

ಇಲ್ಲಿಯ ಸಣ್ಣ ಊರುಗಳಲ್ಲಿ ಮನೆಗೆ ನಂಬರ್ ಇರುವುದು ಕಡಿಮೆ. ಹೆಸರಿರುತ್ತದೆ, ಆ ಹೆಸರು ಪೋಸ್ಟ್‌ಮ್ಯಾನ್‌ಗೆ ಗೊತ್ತಿರುತ್ತದೆ, ಅಷ್ಟೆ. ಈಚೆಗೆ ಪ್ರತಿ ಮನೆಗೂ ಐರ್‌ಕೋಡ್ ಎಂದು ಒಂದು ಗುರುತು ಕೊಟ್ಟಿದ್ದಾರೆ. ಅದನ್ನು ಹೇಳಿದರೆ ಯಾರು ಬೇಕಾದರೂ ನೇರವಾಗಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ತಂಗಿ ತನ್ನ ಮನೆಯದನ್ನು ನನ್ನ ಫೋನಿಗೆ ಕಳಿಸಿದ್ದಳು. ನಾನು ಅದನ್ನು ತೆರೆದೂ ನೋಡಿರಲಿಲ್ಲ. ಅವಳ ಮನೆ ನನಗೆ ಗೊತ್ತಿತ್ತಲ್ಲ.

ಆ ಹೆಸರು ಸ್ಪೇನಿನದು ಎಂದು ಹೇಳಿದವನು ನಾನು ಅಡುಗೆ ಮಾಡುವ, ಊಟ ಕಟ್ಟಿ ಕೊಡುವ ಟೇಕ್‌ಅವೇಯ ಮಾಲೀಕ. ಐರ್ಲೆಂಡಿನಲ್ಲೇ ತಲೆ ನರೆತ ಪಂಜಾಬಿ. ಮಿರಾ ಎಂದರೆ ನೋಡು, ಮಾರ್ ಎಂದರೆ ಸಮುದ್ರ ಎಂದು ಬಿಡಿಸಿ ಹೇಳಿದ. ಹಿಂದೆ ಇಲ್ಲಿಯವರು ಮೊದಲ ಸಲ ವಿಮಾನ ಹತ್ತಿ ಸ್ಪೇನಿಗೆ ಹೋಗಿ ಬಿಸಿಲಿಗೆ ಮೈ ಕಾಯಿಸಿಕೊಂಡು ಬಂದರಂತೆ. ಮೈಗೆ ಹತ್ತಿದ ಬಣ್ಣ ಮಳೆಗೆ ಹೋಯಿತು, ಹೊತ್ತು ತಂದ ಹೆಸರು ಬೋರ್ಡಿನ ಮೇಲೆ ಉಳಿಯಿತು ಎಂದು ನಗುತ್ತಿದ್ದ. ಚಿಪ್ಸ್ ಅಂಗಡಿಯ ಮಿರಾಮಾರ್‌ನಿಂದ ಕಾಣುವುದು ಬ್ಯಾಂಕಿನ ಗೋಡೆ. ಗೆಸ್ಟ್‌ಹೌಸಿನ ಮುಂದೆ ಅಲೆ ತಡೆಯುವ ಗೋಡೆಯಿದೆ, ಮಹಡಿ ಹತ್ತಿದರೆ ಮಾತ್ರ ಸಮುದ್ರ. ತಂಗಿಯ ಮಿರಾಮಾರ್ ಮಾತ್ರ ಹೆಸರಿಗೆ ತಕ್ಕ ಹಾಗಿತ್ತು. ಅಲ್ಲಿಂದ ಸಮುದ್ರ, ಮರಳು, ಗೆಸ್ಟ್‌ಹೌಸಿನ ಹೆಂಚು ಎಲ್ಲವೂ ಕಾಣುತ್ತಿದ್ದವು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ನನಗೆ ಈಗಲೂ ನಿಧಾನ. ಆದರೆ ಮಿರಾಮಾರ್ ಎಂಬ ಪದ ಹಾಗಲ್ಲ. ಹುಡುಗನಾಗಿದ್ದಾಗ ಬೆಂಗಳೂರಿನಿಂದ ಓಡಿಹೋಗಿ ಪಣಜಿಯ ಹೋಟೆಲೊಂದರಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಅಲ್ಲಿಯೂ ಒಂದು ಮಿರಾಮಾರ್ ಇದೆ, ಕಡಲ ತೀರ. ಹೋಟೆಲಿಗೆ ಹೋಗುವ ಬಸ್ಸಿನ ಹಣೆಯ ಮೇಲೆ ಅದೇ ಹೆಸರು ಬರೆದಿರುತ್ತಿತ್ತು. ನಾನು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಇಂಗ್ಲಿಷ್ ಪದ ಅದು. ಅದರ ಒಂದು ಅಕ್ಷರ ಕಂಡರೂ ಪೂರ್ತಿ ಪದ ನನ್ನ ಕಣ್ಣಿಗೆ ಕಟ್ಟುತ್ತದೆ. ಈ ಮಾತನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ತಂಗಿ ನನಗಿಂತ ಆರೇಳು ವರ್ಷಕ್ಕೆ ಚಿಕ್ಕವಳು. ಓದಿದವಳು. ನಾನು ಅಡುಗೆಯವನ ಪರ್ಮಿಟ್ಟಿನ ಮೇಲೆ ಬಂದು ಕೆಲವು ವರ್ಷಗಳಾದ ಮೇಲೆ ಅವಳು ತನ್ನದೇ ಯೋಗ್ಯತೆಯಿಂದ ಕಾರ್ಕ್ ಪಕ್ಕದ ಲಿಟಲ್ ಐಲ್ಯಾಂಡಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿಗೆ ಬಂದಳು. ಕಾರ್ಕ್ ಸಿಟಿಯಲ್ಲೇ ಮನೆ ಮಾಡಬಹುದಿತ್ತು. ‘ಅಣ್ಣ ಇರೋ ಊರಲ್ಲೇ ಇರ್ತೀನಿ, ಊಟಕ್ಕೆ ಚಿಂತೆ ಇರಲ್ಲ’ ಎಂದು ನಮ್ಮ ಊರಿಗೇ ಬಂದು, ದಿನಾ ಅಷ್ಟು ದೂರ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಇನ್ನೊಂದು ಹಳೆಯ ಸಂಗತಿ ಹೇಳಬೇಕು. ನಾವು ಚಿಕ್ಕವರಿದ್ದಾಗ ಬೆಂಗಳೂರಿನ ನಮ್ಮ ವಠಾರದಲ್ಲಿ ಒಂದು ಸುದ್ದಿ ಹಬ್ಬಿತು. ಕತ್ತಲಾದ ಮೇಲೆ ಒಂದು ದೆವ್ವ ಮನೆಮನೆಗೆ ಬರುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ. ಅದಕ್ಕೆ ಎಲ್ಲರೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದಕ್ಕೆ ಹೋಗುತ್ತದೆ, ಮಾರನೆಯ ದಿನ ಬಂದರೆ ಮತ್ತೆ ಅದೇ ಬರಹ. ನಮ್ಮ ಬಾಗಿಲಿಗೆ ಸೀಮೆಸುಣ್ಣ ಹಿಡಿದವನು ನಾನು. ಇಳಿಯೊಂದು ಬಿಟ್ಟುಹೋಗಿ ‘ನಳೆ ಬಾ’ ಎಂದಾಗಿತ್ತು. ಆಗ ತಾನೇ ಅಕ್ಷರ ಕಲಿಯುತ್ತಿದ್ದ ತಂಗಿ ಅದನ್ನು ನೋಡಿ, ‘ಅಣ್ಣಾ, ದೆವ್ವಕ್ಕೆ ಅರ್ಥ ಆಗ್ದೆ ಒಳಗೇ ಬಂದ್ಬಿಟ್ರೆ?’ ಎಂದಳು.

ಅದೇ ವಾರ ಒಂದು ಸಂಜೆ ಅಮ್ಮ ಮನೆಯಲ್ಲಿರಲಿಲ್ಲ. ತಂಗಿ ಪಕ್ಕದ ಮನೆಯಲ್ಲಿದ್ದಾಳೆ ಎಂದುಕೊಂಡು ನಾನು ಚಿಲಕ ಹಾಕಿ ಕೂತಿದ್ದೆ. ಹೊರಗಿನಿಂದ ‘ಅಣ್ಣಾ’ ಎಂದು ಕರೆದ ಸದ್ದಾಯಿತು. ಅವಳದೇ ದನಿ. ದೆವ್ವವಾದರೆ ಒಂದೇ ಸಲ ಕರೆಯುತ್ತದೆ, ಮೂರು ಸಲ ಕರೆದರೆ ಮನುಷ್ಯರು ಎಂದು ವಠಾರದಲ್ಲಿ ಹೇಳುತ್ತಿದ್ದರು. ಅವಳು ಮೂರು ಸಲವಲ್ಲ, ಗಂಟಲು ಕಟ್ಟುವವರೆಗೆ ಕರೆದಳು. ನಾನು ತೆಗೆಯಲಿಲ್ಲ. ಅಮ್ಮ ಬಂದು ಬಾಗಿಲು ತೆಗೆಸಿದಾಗ ಅವಳು ಮೆಟ್ಟಿಲ ಮೇಲೆ ಅತ್ತು ಅತ್ತು ಮಲಗಿಬಿಟ್ಟಿದ್ದಳು. ದೊಡ್ಡವಳಾದ ಮೇಲೆ ಅದು ನಮ್ಮ ಮನೆಯ ತಮಾಷೆಯಾಯಿತು. ಫೋನ್ ಎತ್ತುವುದು ತಡವಾದರೆ, ‘ಏನಣ್ಣ, ಮೂರು ಸಲ ಕರೀಬೇಕಾ?’ ಎನ್ನುತ್ತಿದ್ದಳು.

ಕೊರೊನಾ ಬಂದ ಮೊದಲ ತಿಂಗಳುಗಳಲ್ಲೇ ನನಗೆ ಒಬ್ಬನ ಸಾವು ತೀರ ಹತ್ತಿರದಿಂದ ತಟ್ಟಿತು. ಡನ್ ಲಿಯರಿ ಎಂಬ ಊರಿನಲ್ಲಿ ಮೊದಲು ಕೆಲಸ ಮಾಡುತ್ತಿದ್ದಾಗ ನನ್ನ ಪಕ್ಕದಲ್ಲೇ ತಂದೂರ್ ಒಲೆಯ ಮುಂದೆ ನಿಲ್ಲುತ್ತಿದ್ದ ಗೆಳೆಯ. ಆಸ್ಪತ್ರೆಯಿಂದ ಫೋನ್ ಮಾಡಿದ್ದ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವನು ಉಸಿರು ಹುಡುಕುತ್ತಿದ್ದ. ಅದಾದ ಮೇಲೆ ಅವನು ಮಾತಾಡಲಿಲ್ಲ. ಅವನ ಅಂತ್ಯಸಂಸ್ಕಾರವನ್ನು ಫೋನಿನ ಪರದೆಯ ಮೇಲೆ ನೋಡಿದೆವು. ಆ ಉಸಿರಿನ ಸದ್ದು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಅಡುಗೆಮನೆಯ ಚಿಮಣಿ ಫ್ಯಾನ್ ತಡವರಿಸಿದರೂ ನಾನು ಬೆಚ್ಚುತ್ತಿದ್ದೆ.

ನಾವು ಮೂವರು ಅಡುಗೆಯವರು ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ‘ಒಬ್ಬನಿಗೆ ಬಂದ್ರೆ ಮೂವರಿಗೂ ಬಂದ ಹಾಗೆ. ಅಂಗಡಿ ಮುಚ್ಚಿದ್ರೆ ನಿಮ್ಮ ಪರ್ಮಿಟ್ ಏನಾಗುತ್ತೋ ನನಗೂ ಗೊತ್ತಿಲ್ಲ’ ಎಂದು ಮಾಲೀಕ ಹೇಳಿದ್ದ. ಬೆದರಿಸಿದ್ದಲ್ಲ, ಅವನಿಗೂ ಭಯವಿತ್ತು. ಮುಂದೆ ನನ್ನ ತಪ್ಪಿಗೆ ಕಾರಣ ಬೇಕಾದಾಗಲೆಲ್ಲ ನಾನು ಈ ಮಾತನ್ನೇ ನೆನೆಸಿಕೊಂಡೆ. ಅದು ನೆಪ. ನನಗೆ ಇದ್ದದ್ದು ಸಾವಿನ ಭಯ, ಬೇರೇನೂ ಅಲ್ಲ.

ಅದೇ ವರ್ಷದ ಚಳಿಗಾಲ. ಕ್ರಿಸ್‌ಮಸ್‌ಗೆ ಬಾಗಿಲು ತೆರೆದು, ಅದು ಮುಗಿದದ್ದೇ ಮತ್ತೆ ಎಲ್ಲ ಮುಚ್ಚಿದ್ದರು. ತಂಗಿ ಬೆಳಿಗ್ಗೆ ಫೋನ್ ಮಾಡಿದಳು.

‘ಅಣ್ಣಾ, ನಮ್ಮನೆ ಹೆಸರು ಬದಲಾಯ್ತು.’

‘ಏನಂತ?’

‘ಮಿರಾಮಾರಿ. ನಂಗೂ ಬಂದೈತೆ ಕಣಣ್ಣ.’ ನಕ್ಕಳು. ನಗು ಕೆಮ್ಮಾಯಿತು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ, ಅದರಿಂದಲೂ ಅಂಟುತ್ತದೆ ಎನ್ನುವ ಹಾಗೆ.

ಆ ಮನೆಯಲ್ಲಿ ಆಗ ಅವಳೊಬ್ಬಳೇ. ಮನೆಯೊಡತಿ ಮಗಳ ಮನೆಗೆ ಹೋಗಿ ಅಲ್ಲೇ ಉಳಿದಿದ್ದಳು. ಕೆಳಗಿನ ಕೋಣೆಯ ಪೋಲೆಂಡಿನ ಹುಡುಗಿ ಹಬ್ಬಕ್ಕೆ ಊರಿಗೆ ಹೋದವಳು ವಾಪಸ್ ಬರಲಾಗಿರಲಿಲ್ಲ. ಅಕ್ಕಪಕ್ಕದವು ಬೇಸಿಗೆಗೆ ಮಾತ್ರ ತೆರೆಯುವ ಮನೆಗಳು.

‘ಸ್ವಲ್ಪ ಸಾರು ಅನ್ನ, ಜ್ವರದ ಮಾತ್ರೆ ತಂದಿಡು,’ ಎಂದಳು. ‘ಒಳಗೆ ಬರ್ಬೇಡ. ಬಾಗಿಲ ಹತ್ರ ಇಟ್ಟು ಬೆಲ್ ಒತ್ತಿ ಗೇಟ್ ಆಚೆ ನಿಂತ್ಕೋ. ನಾನು ಕಿಟಕಿಗೆ ಬಂದು ಕೈ ತೋರಿಸ್ತೀನಿ. ಬರ್ಲಿಲ್ಲ ಅಂದ್ರೆ ಆಂಬುಲೆನ್ಸ್‌ಗೆ ಫೋನ್ ಮಾಡು. ಹೂಕುಂಡದ ಕೆಳಗೆ ಕೀ ಐತೆ, ಅವರಿಗೆ ಹೇಳು.’

‘ಫೋನಲ್ಲೇ ಮಾತಾಡ್ತಿರ್ತೀವಲ್ಲ.’

‘ಫೋನಲ್ಲಿ ನಾನು ಸುಳ್ಳು ಹೇಳ್ತೀನಿ ಅಣ್ಣ, ಚೆನ್ನಾಗಿದೀನಿ, ಗ್ರಾಂಡ್ ಅಂತ. ಇಲ್ಲಿ ಎಲ್ರೂ ಹೇಳ್ತಾರಲ್ಲ, ಸಾಯ್ತಿದ್ರೂ ಗ್ರಾಂಡ್. ದಿನಕ್ಕೊಂದ್ಸಲ ಯಾರಾದ್ರೂ ಕಣ್ಣಲ್ಲಿ ನೋಡ್ಲಿ. ಅಷ್ಟೇ ನಿನ್ ಕೆಲ್ಸ.’

ಅಷ್ಟೇ ನನ್ನ ಕೆಲಸ. ಊಟ ಎರಡನೆಯದು. ಅವಳನ್ನು ಕಣ್ಣಲ್ಲಿ ನೋಡುವುದು ಮೊದಲನೆಯದು.

ಮೊದಲ ದಿನ ನಾನು ಹೋಗಲಿಲ್ಲ. ಕೆಲಸ ಜಾಸ್ತಿ ಎಂದುಕೊಂಡು ಸ್ಟೀಲ್ ಕ್ಯಾರಿಯರ್ ತುಂಬಿ, ನಮ್ಮ ಡೆಲಿವರಿ ಡ್ರೈವರನಿಗೆ ‘ಮಿರಾಮಾರ್’ ಎಂದಷ್ಟೇ ಹೇಳಿ ಕೊಟ್ಟೆ. ಬೇಸಿಗೆಯಲ್ಲಿ ಗೆಸ್ಟ್‌ಹೌಸಿನ ಅತಿಥಿಗಳಿಗೆ ಊಟ ಒಯ್ದು ಅವನಿಗೆ ಅಭ್ಯಾಸ. ಅಲ್ಲೇ ಇಟ್ಟು ಬಂದ. ಸಂಜೆ ತಂಗಿ ಫೋನ್ ಮಾಡಿ, ಬಾಗಿಲಲ್ಲಿ ಏನೂ ಇಲ್ಲ ಎಂದಳು. ಡ್ರೈವರನನ್ನು ಕೇಳಿದಾಗ ತಪ್ಪು ಗೊತ್ತಾಯಿತು. ಇಬ್ಬರೂ ನಕ್ಕೆವು. ಬಿಸ್ಕತ್ತು ತಿಂದು ಮಲಗುತ್ತೇನೆ ಎಂದಳು. ಇದು ನಿಜವಾದ ತಪ್ಪು. ಆ ಸರಣಿಯಲ್ಲಿ ಇದೊಂದೇ.

ಮಾರನೆಯ ದಿನ ನಾನೇ ಹೊರಟೆ. ಎರಡು ಮಾಸ್ಕ್, ಕೈಗೆ ಅಡುಗೆಮನೆಯ ಗ್ಲೌಸ್. ಬೀದಿ ಖಾಲಿ. ಚಿಪ್ಸ್ ಅಂಗಡಿಯ ಬಾಗಿಲಿಗೆ ಹಲಗೆ ಹೊಡೆದಿದ್ದರು. ಬಂಡೆಯ ರಸ್ತೆ ಏರಿ ಗೇಟಿನ ಮುಂದೆ ಬಂದು ಹಿಡಿಯ ಮೇಲೆ ಕೈ ಇಟ್ಟೆ. ಗೇಟು ಕಿರುಗುಟ್ಟಿತು. ಮಹಡಿಯ ಪರದೆ ಎಳೆದಿತ್ತು. ಅದರ ಹಿಂದಿನಿಂದ ಕೆಮ್ಮು. ಕೆಮ್ಮು ನಿಂತು, ಉಸಿರು ಹುಡುಕುವ ಆ ಸದ್ದು. ಗೆಳೆಯನ ಫೋನಿನಲ್ಲಿ ಕೇಳಿದ್ದ ಅದೇ ಸದ್ದು. ಆಮೇಲೆ, ‘ಅಣ್ಣಾ?’

ಒಂದೇ ಸಲ ಕರೆದಳು.

ನಾನು ತಿರುಗಿ ನಡೆದೆ. ಓಡಲಿಲ್ಲ, ನಡೆದೆ. ಯಾರಾದರೂ ನೋಡಿದರೆ ಏನೋ ಮರೆತು ಹೋಗುತ್ತಿದ್ದಾನೆ ಎನ್ನುವ ಹಾಗೆ. ಕೆಳಗಿಳಿದ ಮೇಲೆ ಕೈಯಲ್ಲಿ ತುಂಬಿದ ಕ್ಯಾರಿಯರ್ ಹಾಗೇ ಇದೆ ಎಂದು ಅರಿವಾಯಿತು. ಅದನ್ನು ಹಿಡಿದು ಅಂಗಡಿಗೆ ಹೋದರೆ ಜೊತೆಯವರು ಕೇಳುತ್ತಾರೆ. ಕಾಲು ತಾನಾಗಿ ಸ್ಟ್ರ್ಯಾಂಡ್ ರೋಡಿನತ್ತ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಲ್ಲಿ ಆ ಬೋರ್ಡ್ ಇದೆ ಎಂದು ನೆನೆದುಕೊಂಡೇ ಹೋದೆ. ಬಿಳಿ ಹಲಗೆ, ನೀಲಿ ಅಕ್ಷರ. ಅದರ ಮುಂದೆ ನಿಂತು ಓದಿದೆ. ಬಸ್ಸಿನ ಹಣೆಯ ಮೇಲೆ ಓದಿದ್ದ ಅದೇ ಪದ. ಕ್ಯಾರಿಯರನ್ನು ಮೆಟ್ಟಿಲ ಮೇಲೆ ಇಟ್ಟೆ. ಹಿಂದಿನ ದಿನದ ಕ್ಯಾರಿಯರ್ ಅಲ್ಲಿರಲಿಲ್ಲ. ಮನೆ ಮುಚ್ಚಿದ ಹಾಗಿತ್ತು, ಸೀಗಲ್ ಹಕ್ಕಿಗಳೋ ನಾಯಿಗಳೋ ಎಳೆದುಕೊಂಡು ಹೋಗಿರಬೇಕು ಎಂದುಕೊಂಡೆ.

ಸಂಜೆ ಫೋನಿನಲ್ಲಿ, ‘ಮಿರಾಮಾರ್ ಬಾಗ್ಲಲ್ಲಿ ಇಟ್ಟು ಬಂದೆ’ ಎಂದೆ. ಒಂದು ಅಕ್ಷರವೂ ಸುಳ್ಳಲ್ಲ.

‘ಯಾವ ಮಿರಾಮಾರ್ ಅಣ್ಣ?’

‘ನಿಂದೇ.’

‘ಹೌದಾ. ಗೇಟ್ ಸದ್ದು ಕೇಳಿಸ್ತು. ಪೋಸ್ಟ್‌ಮ್ಯಾನ್ ಇರ್ಬೇಕು ಅಂದ್ಕೊಂಡೆ.’ ಮತ್ತೆ ಉಸಿರು ಎಳೆದುಕೊಂಡು, ‘ಊಟ ಸೀಗಲ್ ತಿಂದಿರ್ಬೇಕು ಬಿಡು. ಕ್ಯಾರಿಯರ್ ಸಮೇತ.’ ಅವಳು ಅದನ್ನು ತಮಾಷೆಯಾಗಿಯೇ ಹೇಳಿದಳು. ನಾನೂ ನಕ್ಕೆ.

ನಾಳೆ ಖಂಡಿತ ಹೋಗುತ್ತೇನೆ ಎಂದುಕೊಂಡೆ. ಆ ನಾಳೆ ಬಂದಾಗ ಬಂಡೆಯ ರಸ್ತೆಯ ಬುಡಕ್ಕೆ ಹೋಗಿ ನಿಂತು, ಏರನ್ನು ನೋಡಿ, ಬಲಕ್ಕೆ ತಿರುಗಿದೆ. ಗೆಸ್ಟ್‌ಹೌಸಿನ ಮೆಟ್ಟಿಲ ಮೇಲೆ ನನ್ನ ಎರಡೂ ಕ್ಯಾರಿಯರ್‌ಗಳು ಯಾರೋ ತೊಳೆದು ಬೋರಲು ಹಾಕಿದ ಹಾಗೆ ಇದ್ದವು. ತಲೆ ಎತ್ತಿದೆ. ಮಹಡಿಯ ಕಿಟಕಿಯಲ್ಲಿ ಒಬ್ಬಳು ಮುದುಕಿ. ಬಿಳಿ ಕೂದಲು, ಕೆಂಪು ಸ್ವೆಟರ್. ವಯಸ್ಸಾದವರು ಹೊರಗೆ ಬರಬಾರದೆಂದು ಹೇಳಿದ್ದ ಕಾಲ, ತನ್ನ ಖಾಲಿ ಗೆಸ್ಟ್‌ಹೌಸಿನಲ್ಲಿ ಒಬ್ಬಳೇ ಕೂತಿದ್ದಳು. ಊರಿನ ಸ್ವಯಂಸೇವಕರು ಊಟ ಕಳಿಸುತ್ತಿದ್ದಾರೆ ಎಂದುಕೊಂಡಿದ್ದಳೋ ಏನೋ. ನನ್ನನ್ನು ನೋಡಿ ಕೈ ಎತ್ತಿದಳು, ಹೆಬ್ಬೆರಳು ತೋರಿಸಿದಳು. ನಾನೂ ಕೈ ಎತ್ತಿದೆ.

ತಂಗಿ ಕೇಳಿದ್ದೆಲ್ಲ ಅಲ್ಲಿ ನಡೆಯಿತು. ಬಾಗಿಲಲ್ಲಿ ಊಟ, ಗೇಟಿನಾಚೆ ನಾನು, ಕಿಟಕಿಯಲ್ಲಿ ಒಂದು ಕೈ. ಮನೆಯೊಂದು ಬೇರೆ. ನಾಚಿಕೆಯ ವಿಷಯವೆಂದರೆ ಅಂಗಡಿಗೆ ಮರಳುವಾಗ ನನಗೆ ಹಗುರವೆನಿಸಿತು. ಒಬ್ಬ ಮುದುಕಿಗೆ ಅನ್ನ ಹಾಕಿದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಂಜೆ ತಂಗಿಯೇ ಮೊದಲು ಹೇಳಿದಳು. ‘ಊಟ ಸಿಕ್ತು ಅಣ್ಣ. ಸಾರು ಚೆನ್ನಾಗಿತ್ತು.’

ನಾನು ಆ ದಿನ ಮಾಡಿದ್ದು ಪೊಂಗಲ್. ಸಾರು ಮಾಡಿರಲೇ ಇಲ್ಲ.

‘ಪೂರ್ತಿ ತಿಂದ್ಯಾ?’ ಎಂದು ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಬೇರೆಯವನ ದನಿಯಂತೆ ಕೇಳಿಸಿತು.

‘ಹೂಂ. ನೀನು... ಇನ್ಮೇಲೆ ಬರೋದು ಬೇಡ. ಮಳೆ ಐತೆ. ನಾನು ಗ್ರಾಂಡ್.’ ಮಾತುಗಳ ನಡುವೆ ಜಾಗ ಬಿಟ್ಟು ಬಿಟ್ಟು ಹೇಳಿದಳು.

ಜ್ವರ ನೆತ್ತಿಗೇರಿ ತಿನ್ನದ ಊಟವನ್ನು ತಿಂದೆ ಅನ್ನುತ್ತಿದ್ದಾಳೋ, ಅಥವಾ ಎಲ್ಲ ತಿಳಿದು ನನ್ನನ್ನು ಬಿಡಿಸುತ್ತಿದ್ದಾಳೋ? ಎರಡರಲ್ಲಿ ಯಾವುದು ಹೆಚ್ಚು ಭಯ ಎಂದು ನನಗೆ ತಿಳಿಯಲಿಲ್ಲ. ಒಂದು ಮಾತ್ರ ತಿಳಿಯಿತು. ಫೋನಲ್ಲಿ ನಾನು ಸುಳ್ಳು ಹೇಳ್ತೀನಿ ಎಂದು ಅವಳು ಮೊದಲೇ ಹೇಳಿದ್ದಳು.

ಮಾರನೆಯ ಬೆಳಿಗ್ಗೆ ಅವಳಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ನಾನು ಏಪ್ರನ್ ಕೂಡ ಬಿಚ್ಚದೆ ಓಡಿದೆ. ಗೇಟಿನ ಹತ್ತಿರ ನಿಂತು ಕೂಗಿದೆ. ಪರದೆ ಅಲ್ಲಾಡಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಸಮಾಧಾನವಾಗಿ ಐರ್‌ಕೋಡ್ ಕೇಳಿದಳು. ತಂಗಿ ಕಳಿಸಿದ್ದ ಮೆಸೇಜ್ ಎಲ್ಲೋ ಹೂತುಹೋಗಿತ್ತು, ಹುಡುಕಿದರೂ ಸಿಗಲಿಲ್ಲ. ಹಾಗಾದರೆ ಮನೆಯ ಹೆಸರು, ರಸ್ತೆ ಹೇಳಿ ಎಂದಳು.

‘ಮಿರಾಮಾರ್,’ ಎಂದೆ. ‘ಸ್ಟ್ರ್ಯಾಂಡ್ ರೋಡ್.’

ನಾನು ನಿಂತಿದ್ದದ್ದು ಬಂಡೆಯ ರಸ್ತೆಯಲ್ಲಿ. ಆದರೆ ಊಟ ಎಲ್ಲಿಟ್ಟೆ ಎಂದು ಯಾರಾದರೂ ಕೇಳಿದರೆ ಹೇಳಲು ಆ ಉತ್ತರವನ್ನೇ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆನಲ್ಲ, ಭಯದಲ್ಲಿ ನಾಲಗೆಗೆ ಸಿಕ್ಕಿದ್ದು ಅದೇ. ಏನು ಹೇಳಿದೆ ಎಂಬುದೂ ನನಗೆ ಗೊತ್ತಾಗಲಿಲ್ಲ. ಬರುತ್ತಾರೆ, ಹೊರಗೇ ನಿಂತಿರು ಎಂದು ನನಗೆ ನಾನೇ ಹೇಳಿಕೊಂಡು ಗೇಟನ್ನು ಹಿಡಿದು ನಿಂತೆ.

ಆ ಮನೆಯಿಂದ ಎಲ್ಲವೂ ಕಾಣುತ್ತದೆ ಎಂದೆನಲ್ಲ. ಕೆಳಗೆ ನೀಲಿ ದೀಪ ಬಂತು. ಮುಖ್ಯ ಬೀದಿ ದಾಟಿತು. ಈಗ ಏರು ಹತ್ತುತ್ತದೆ ಎಂದು ನೋಡುತ್ತಿದ್ದಂತೆ ಬಲಕ್ಕೆ ತಿರುಗಿ, ಸಮುದ್ರದ ಪಕ್ಕಕ್ಕೆ ಹೋಗಿ, ಕೆಂಪು ಹೆಂಚಿನ ಮುಂದೆ ನಿಂತಿತು. ಹಸಿರು ಬಟ್ಟೆಯ ಇಬ್ಬರು ಇಳಿದು, ನಾನು ಊಟ ಇಡುತ್ತಿದ್ದ ಮೆಟ್ಟಿಲು ಹತ್ತಿದರು. ನನ್ನ ಸುಳ್ಳು ಅಷ್ಟು ದೂರದಲ್ಲಿ ದೀಪ ಹಚ್ಚಿಕೊಂಡು ನಿಂತಿತ್ತು. ನಾನು ಬಾಯಿ ತೆರೆದು ಕೂಗಿದೆ. ಗಾಳಿ ಅದನ್ನು ಸಮುದ್ರದ ಕಡೆಗೆ ತೆಗೆದುಕೊಂಡು ಹೋಯಿತು.

ಇನ್ನು ಕಾಯಲು ಯಾರೂ ಉಳಿಯಲಿಲ್ಲ. ಗೇಟು ದೂಡಿ ಬಾಗಿಲಿಗೆ ಹೋದೆ. ಬಾಗಿಲು ಬಡಿದು ಅವಳ ಹೆಸರು ಹಿಡಿದು ಕರೆದೆ. ಒಳಗಿನಿಂದ, ಕೆಳಗೆ ನೆಲದ ಮಟ್ಟದಿಂದ, ಕಾಗದ ಉಜ್ಜಿದ ಹಾಗೆ ಒಂದು ದನಿ ಬಂತು.

‘ಮೂರು ಸಲ... ಕರಿ.’

ಹೂಕುಂಡ ಎತ್ತಿ ಬಿಸಾಡಿದೆ. ಕೀ ತೂತಿಗೆ ಹೋಗದೆ ಸತಾಯಿಸಿತು. ಬಾಗಿಲು ತೆಗೆದಾಗ ಅವಳು ಮೆಟ್ಟಿಲ ಕೊನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತುಟಿಯ ಬಣ್ಣ ಸರಿಯಿರಲಿಲ್ಲ. ಫೋನ್ ಮೇಲೆಯೇ ಉಳಿದಿತ್ತು. ನಾನು ಬರಬಹುದೆಂದು ಬಾಗಿಲು ತೆಗೆಯಲು ಇಳಿದು ಬಂದು, ಹಿಡಿಯವರೆಗೆ ಏಳಲಾಗದೆ ಅಲ್ಲೇ ಕುಸಿದಿದ್ದಳು. ನಾನು ಅವಳನ್ನು ಎತ್ತಿ ನನ್ನ ಎದೆಗೆ ಒರಗಿಸಿಕೊಂಡೆ. ಅಷ್ಟು ದಿನ ಹೆದರಿದ್ದ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅದು ತಾಗುವುದು ನಿಂತರೆ ಎಂಬ ಭಯದ ಮುಂದೆ ಹಳೆಯ ಭಯ ಎಲ್ಲಿ ಹೋಯಿತೋ.

ಆಂಬುಲೆನ್ಸ್ ಹೇಗೆ ಮೇಲೆ ಬಂತು ಎಂಬುದು ಆಗ ನನಗೆ ತಿಳಿಯಲಿಲ್ಲ. ಬಂತು. ಅವಳ ಮುಖಕ್ಕೆ ಆಮ್ಲಜನಕ ಕಟ್ಟಿ ಕಾರ್ಕ್‌ಗೆ ಕರೆದುಕೊಂಡು ಹೋದರು. ಕಾಯಿಲೆ ನನಗೂ ಬಂತು, ಸಣ್ಣ ಜ್ವರವಾಗಿ ಹೋಯಿತು. ಅಂಗಡಿ ಕೆಲವು ದಿನ ಮುಚ್ಚಿ ಮತ್ತೆ ತೆರೆಯಿತು. ಯಾರ ಪರ್ಮಿಟ್ಟಿಗೂ ಏನೂ ಆಗಲಿಲ್ಲ. ತಂಗಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ರಸ್ತೆಬದಿಯಲ್ಲಿ ಹಳದಿ ಹೂ ಬಿಟ್ಟಿತ್ತು. ಇವತ್ತಿಗೂ ಏರು ಹತ್ತುವಾಗ ಅವಳು ನಡುವೆ ನಿಲ್ಲುತ್ತಾಳೆ. ಸಮುದ್ರ ನೋಡಲು ನಿಂತೆ ಎನ್ನುತ್ತಾಳೆ.

ಅದಾದ ಮೇಲೆ ಅದೊಂದು ಕಥೆಯಾಯಿತು. ಕಾರ್ಕ್‌ನ ಕನ್ನಡದವರು ದೀಪಾವಳಿಗೆ ಸೇರಿದಾಗ ಅವಳೇ ಹೇಳುತ್ತಾಳೆ. ಡ್ರೈವರ್ ಊಟವನ್ನು ಬೇರೆ ಮಿರಾಮಾರ್‌ಗೆ ಕೊಟ್ಟದ್ದು, ಅಣ್ಣನೂ ಅಲ್ಲಿಗೇ ಕೊಟ್ಟದ್ದು, ಕೊನೆಗೆ ಆಂಬುಲೆನ್ಸೂ ಅಲ್ಲಿಗೇ ಹೋದದ್ದು. ಕೈಯಾಡಿಸಿ ಎಷ್ಟು ಚೆನ್ನಾಗಿ ಹೇಳುತ್ತಾಳೆಂದರೆ, ಮೈಸೂರಿನ ಡಾಕ್ಟರೊಬ್ಬರು ಕಣ್ಣೊರೆಸಿಕೊಂಡು ನಗುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳು ಆ ಹೆಸರನ್ನು ಐರಿಷ್ ರಾಗದಲ್ಲಿ ಕೂಗಿ ನನ್ನನ್ನು ರೇಗಿಸುತ್ತವೆ. ‘ಪಾಪ, ಅಣ್ಣಂಗೆ ಇಂಗ್ಲಿಷ್ ಓದೋಕೆ ಕಷ್ಟ, ಎಲ್ಲಾ ಬೋರ್ಡೂ ಒಂದೇ ಥರ ಇದ್ರೆ ಏನ್ ಮಾಡ್ತಾನೆ’ ಎಂದು ಅವಳು ಮುಗಿಸುತ್ತಾಳೆ. ನಾನು ಪುಳಿಯೋಗರೆಯ ತಟ್ಟೆ ಹಿಡಿದು ತಲೆ ತಗ್ಗಿಸಿ ನಗುತ್ತೇನೆ. ಓದದವನು ಎಂಬ ಮಾತು ಜೀವನವೆಲ್ಲ ನನ್ನನ್ನು ಚುಚ್ಚಿದೆ. ಅಲ್ಲಿ ಮಾತ್ರ ಅದರ ಹಿಂದೆ ಅಡಗಿ ನಿಲ್ಲುತ್ತೇನೆ.

ಗೆಸ್ಟ್‌ಹೌಸ್ ಮತ್ತೆ ತೆರೆದ ಬೇಸಿಗೆಯಲ್ಲಿ ತಂಗಿ, ‘ಬಾ ಅಣ್ಣ, ನನ್ನ ಊಟ ತಿಂದವರನ್ನ ನೋಡ್ಕೊಂಡು ಬರೋಣ’ ಎಂದು ಎಳೆದುಕೊಂಡು ಹೋದಳು. ನಾನು ನೆಪ ಹೇಳಿದೆ, ಕೇಳಲಿಲ್ಲ. ಅದೇ ಕೆಂಪು ಸ್ವೆಟರಿನ ಮುದುಕಿ ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಚಾಚಿದಳು. ಟೀ ತಂದಳು, ಸ್ಕೋನ್ ಎಂಬ ಬನ್ನು ತಂದಳು.

‘ನನ್ನ ಪ್ರಾಣ ಉಳಿಸಿದವನು ಇವನು,’ ಎಂದು ತಂಗಿಗೆ ಹೇಳಿದಳು. ‘ಆ ದಿನಗಳಲ್ಲಿ ನಾನು ನೋಡಿದ ಮನುಷ್ಯಮುಖ ಇವನದೊಂದೇ. ಖಾರ ಮಾತ್ರ, ಅಯ್ಯೋ ದೇವರೇ! ಆಂಬುಲೆನ್ಸಿನವರು ಬಂದಾಗ ನಾನೇ ಹೇಳಿದೆ, ನಾನು ಗ್ರಾಂಡ್, ಬಂಡೆ ಮೇಲೂ ಒಂದು ಮಿರಾಮಾರ್ ಇದೆ, ಅಲ್ಲಿ ಒಬ್ಬಳು ಭಾರತದ ಹುಡುಗಿ ಇದ್ದಾಳೆ, ಅಲ್ಲಿಗೆ ಓಡಿ ಅಂತ.’

‘ನೀವು ನನ್ನ ಪ್ರಾಣ ಉಳಿಸಿದಿರಿ ಹಾಗಾದ್ರೆ,’ ಎಂದಳು ತಂಗಿ.

‘ಎಷ್ಟು ಜಾಗ್ರತೆ ಇವನಿಗೆ, ಗೊತ್ತಾ?’ ಮುದುಕಿ ನನ್ನ ಕೈ ಅದುಮಿದಳು. ‘ಬಂದ ಎರಡು ದಿನವೂ ಬೋರ್ಡ್ ಮುಂದೆ ನಿಂತು ಓದೋನು. ಹೆಜ್ಜೆ ಹಿಂದಿಟ್ಟು ಬಂಡೆ ಕಡೆ ತಿರುಗಿ ನಿಮ್ಮ ಮನೆಯನ್ನ ನೋಡೋನು. ಮತ್ತೆ ಬೋರ್ಡ್ ಓದೋನು. ಆಮೇಲೇ ಊಟ ಕೆಳಗೆ ಇಡೋನು.’

ತಂಗಿ ಟೀ ಕಪ್ಪನ್ನು ತಟ್ಟೆಯ ಮೇಲೆ ಇಟ್ಟಳು. ಸದ್ದಾಗದ ಹಾಗೆ ಇಟ್ಟಳು. ‘ಹೌದು, ನಮ್ಮಣ್ಣ ಜಾಗ್ರತೆ ಮನುಷ್ಯ’ ಎಂದು ಇಂಗ್ಲಿಷಿನಲ್ಲಿ ಹೇಳಿ ಇನ್ನೊಂದು ಸ್ಕೋನ್ ತೆಗೆದುಕೊಂಡಳು.

ಮನೆಯವರೆಗೆ ಬಿಡಲು ಹೋದೆ. ಏರಿನಲ್ಲಿ ಅವಳು ಎಂದಿನಂತೆ ನಿಂತು ಸಮುದ್ರ ನೋಡಿದಳು. ಕೆಳಗೆ ಗೆಸ್ಟ್‌ಹೌಸಿನ ಹೆಂಚು ಬಿಸಿಲಿಗೆ ಕೆಂಪಾಗಿತ್ತು. ಗೇಟು ಕಿರುಗುಟ್ಟಿತು. ಅವಳು ಒಳಗೆ ಹೋಗಿ ಬಾಗಿಲನ್ನು ಹಿಡಿದು ನಿಂತಾಗ ನಾನು ಮೆಟ್ಟಿಲ ಕೆಳಗಿನಿಂದ, ‘ಒಂದು ವಿಷಯ ಹೇಳ್ಬೇಕಿತ್ತು ಕಣೇ’ ಎಂದೆ.

‘ಗೊತ್ತು’ ಎನ್ನುತ್ತಾಳೆ ಎಂದುಕೊಂಡೆ. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕಿತ್ತು.

ಅವಳು ಬಾಗಿಲ ಹಲಗೆಯ ಮೇಲೆ ಬೆರಳಿನಿಂದ, ಚಿಕ್ಕ ಮಕ್ಕಳಿಗೆ ಕಲಿಸುವ ಹಾಗೆ ನಿಧಾನವಾಗಿ ಏನೋ ಬರೆದಳು. ಇಳಿಯನ್ನು ಉದ್ದವಾಗಿ ಎಳೆದದ್ದು ನನಗೆ ಕಂಡಿತು.

‘ನಾಳೆ ಬಾ ಅಣ್ಣ,’ ಎಂದಳು. ಬಾಗಿಲು ಹಾಕಿಕೊಂಡಳು.

ನಾನು ಹೋಗುತ್ತಲೇ ಇದ್ದೇನೆ. ವಾರಕ್ಕೊಮ್ಮೆ ಸಾರು ಅನ್ನ ಒಯ್ಯುತ್ತೇನೆ, ಇಬ್ಬರೂ ಕಿಟಕಿಯ ಪಕ್ಕ ಕೂತು ಉಣ್ಣುತ್ತೇವೆ, ಅವಳು ತಮಾಷೆ ಮಾಡುತ್ತಾಳೆ. ಆ ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಅವಳು ಎದ್ದು ತಟ್ಟೆ ತೊಳೆಯಲು ಹೋಗುತ್ತಾಳೆ. ಪ್ರತಿ ಸಲ ಗೇಟಿನ ಹತ್ತಿರ ಬಂದಾಗ ಬೋರ್ಡ್ ಓದುತ್ತೇನೆ. ಆಮೇಲೆ ಬಾಗಿಲು ಬಡಿದು ಅವಳ ಹೆಸರನ್ನು ಮೂರು ಸಲ ಕರೆದು, ಅವಳು ತೆಗೆಯುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ.